ಸನ್ನಡತೆಯೆಂಬ ಸುಲಭಪದ

ಅರ್ಥಸಂಕೋಚ, ಹೀನಾರ್ಥಪ್ರಾಪ್ತಿ ಎಂಬ ಪಾರಿಭಾಷಿಕಗಳನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ. ಎರಡಕ್ಕೂ ನಮ್ಮ ಕಾಲದ ಉದಾಹರಣೆ ಬೇಕೆನ್ನುವವರು ಸ್ವಾತಂತ್ರ್ಯೋತ್ಸವದ ಆಸುಪಾಸಿನ ಪತ್ರಿಕೆಗಳನ್ನು ತೆರೆಯಬೇಕು: ‘ಸನ್ನಡತೆಯ ಆಧಾರದ ಮೇಲೆ ಕೈದಿಗಳ ಬಿಡುಗಡೆ’. ಮನುಷ್ಯನ ಅಂತರಂಗವನ್ನೂ ವರ್ತನೆಯನ್ನೂ ಕೂಡಿಯೇ ಹೇಳಬೇಕಾಗಿದ್ದ ಈ ಪದ ಸೆರೆಮನೆಯ ಕಡತದಲ್ಲಿ ಕುಗ್ಗಿ, ನಿಯಮ ಮುರಿಯಲಿಲ್ಲ, ವಹಿಸಿದ ಕೆಲಸ ಮಾಡಿದ ಎಂಬಷ್ಟಕ್ಕೆ ಬಂದು ನಿಂತಿದೆ. ಹೆಂಗಸರನ್ನು ಹಿಂಸಿಸಿ ಕೊಂದವನೊಬ್ಬ ಹೆಂಗಸರೇ ಇಲ್ಲದ ಬ್ಯಾರಕ್ಕಿನಲ್ಲಿ ಹದಿನಾಲ್ಕು ವರ್ಷ ತಗ್ಗಿಬಗ್ಗಿ ನಡೆದನೆಂದರೆ ಅದರಿಂದ ನಾವು ತಿಳಿಯುವುದು ಏನನ್ನು? ಅವನಿಗೆ ಅವಕಾಶ ಸಿಗಲಿಲ್ಲವೆಂಬುದನ್ನು ಮಾತ್ರ.

‘ಜೀವಾವಧಿ’ಯ ಗತಿಯೂ ಇದೇ. ಜೀವಾವಧಿ ಶಿಕ್ಷೆಯೆಂದರೆ ಉಳಿದ ಆಯುಷ್ಯವೆಲ್ಲ ಎಂದು ಸುಪ್ರೀಂ ಕೋರ್ಟ್ 1961ರಷ್ಟು ಹಿಂದೆಯೇ, ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ ಹೇಳಿತ್ತು. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 433ಎ ಕಲಮು, ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಗಳಲ್ಲಿ ಜೀವಾವಧಿ ಕೈದಿಯನ್ನು 14 ವರ್ಷಕ್ಕೆ ಮುನ್ನ ಬಿಡಬಾರದೆಂದಿತು. ಕನಿಷ್ಠವೆಂದು ಹೇಳಿದ್ದನ್ನು ಆಡಳಿತ ಗರಿಷ್ಠವೆಂದು ಓದಿಕೊಂಡಿತು. ಗ್ರಂಥಸಂಪಾದನೆಯಲ್ಲಿ ಇಂಥ ಅಪಪಾಠವನ್ನು ಅಡಿಟಿಪ್ಪಣಿಯಲ್ಲಿ ತಿದ್ದಿ ಮುಂದೆ ಹೋಗಬಹುದು. ಇಲ್ಲಿ ಅದಕ್ಕೆ ಬೆಲೆ ತೆರುವವರು ಬೇರೆ. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯಂಗಳದಲ್ಲೇ ಹೂತಿದ್ದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ, 2008ರಲ್ಲಿ, ಮರಣದಂಡನೆ ಅತಿಯಾಯಿತು, ಜೀವಾವಧಿಯೋ ವ್ಯವಹಾರದಲ್ಲಿ ಹದಿನಾಲ್ಕೇ ವರ್ಷಕ್ಕೆ ಇಳಿದಿದೆ ಎಂಬ ಇಕ್ಕಟ್ಟಿಗೆ ನ್ಯಾಯಾಲಯವೇ ಸಿಲುಕಿತು. ಕೊನೆಯುಸಿರಿನವರೆಗೆ ಬಿಡತಕ್ಕದ್ದಲ್ಲವೆಂದು ಬಿಡಿಸಿ ಬರೆಯಬೇಕಾಯಿತು. ಒಂದು ಪದ ತನ್ನ ಅರ್ಥವನ್ನು ತಾನೇ ಕಾಪಾಡಿಕೊಂಡಿದ್ದರೆ ಆ ವಾಕ್ಯದ ಅಗತ್ಯವೇ ಇರುತ್ತಿರಲಿಲ್ಲ.

2022ರ ಆಗಸ್ಟ್ 15ರಂದು ಗೋಧ್ರಾದ ಸೆರೆಮನೆಯಿಂದ ಹೊರಬಂದ ಹನ್ನೊಂದು ಮಂದಿಯನ್ನು ನೆನೆಯಿರಿ. 2002ರಲ್ಲಿ ಗರ್ಭಿಣಿ ಬಿಲ್ಕಿಸ್ ಬಾನು ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿ, ಅವರ ಮೂರು ವರ್ಷದ ಮಗಳನ್ನೂ ಒಳಗೊಂಡು ಮನೆಮಂದಿಯನ್ನು ಕೊಂದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದವರು ಅವರು. ಬಿಡಬಾರದೆಂದು ತನಿಖೆ ನಡೆಸಿದ ಸಿಬಿಐ ಹೇಳಿತ್ತು. ಮುಂಬೈಯ ವಿಶೇಷ ನ್ಯಾಯಾಲಯದ ನ್ಯಾಯಾಧೀಶರೂ ಹೇಳಿದ್ದರು. ಗುಜರಾತ್ ಸರ್ಕಾರ 1992ರ ನೀತಿಯನ್ನು ಮುಂದೊಡ್ಡಿ ಬಿಟ್ಟಿತು. ಕಾರಣ, ಮತ್ತದೇ ಸನ್ನಡತೆ. ಶಿಫಾರಸು ಮಾಡಿದ ಸಮಿತಿಯಲ್ಲಿದ್ದ ಶಾಸಕರೊಬ್ಬರು ಇವರಲ್ಲಿ ಕೆಲವರ ಜಾತಿಯನ್ನು ಹೇಳಿ, ಒಳ್ಳೆಯ ಸಂಸ್ಕಾರದವರೆಂದರು. ಸನ್ನಡತೆ ಎಲ್ಲಿಂದ ಎಲ್ಲಿಗೆ ಜಾರಿತೆಂಬುದನ್ನು ಗಮನಿಸಿ: ನಡೆಯಿಂದ ಹುಟ್ಟಿಗೆ. ಇವರನ್ನು ಕಾನೂನು ರೂಢಿಗತ ಅಪರಾಧಿಗಳೆಂದು ಕರೆದಿರಲಿಲ್ಲ, ನಿಜ. ಆದರೆ ಪೆರೋಲಿನ ಮೇಲೆ ಹೊರಗಿದ್ದಾಗ ಮಹಿಳೆಯೊಬ್ಬರ ಮಾನಭಂಗಕ್ಕೆ ಯತ್ನಿಸಿದನೆಂದು ಅವರಲ್ಲೊಬ್ಬನ ಮೇಲೆ 2020ರಲ್ಲಿ ಮೊಕದ್ದಮೆ ದಾಖಲಾಗಿದ್ದುದು ಸರ್ಕಾರದ ಕಾಗದಗಳಲ್ಲಿಯೇ ಇತ್ತು. ಸೆರೆಯ ಹೊರಗಿನ ನಡತೆಗೆ ಸಿಕ್ಕಿದ್ದ ಆ ಸುಳಿವನ್ನು ಪಕ್ಕಕ್ಕಿಟ್ಟು ಒಳಗಿನ ನಡತೆಯನ್ನು ತೂಗಿದರು. ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದ 2024ರ ಜನವರಿ 8ರ ತೀರ್ಪು ಆ ಆದೇಶವನ್ನು ರದ್ದುಪಡಿಸಿತು. ಗುಜರಾತಿಗೆ ಆ ಅಧಿಕಾರವೇ ಇರಲಿಲ್ಲವೆಂದಿತು. ಹನ್ನೊಂದು ಮಂದಿಯೂ ಅದೇ ತಿಂಗಳು ಸೆರೆಗೆ ಮರಳಿದರು. ನಡುವಿನ ಹದಿನೇಳು ತಿಂಗಳನ್ನು ಬಿಲ್ಕಿಸ್ ಹೇಗೆ ಕಳೆದರೆಂಬ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

ಇಷ್ಟು ಹೇಳಿದೊಡನೆ ಸಾಹಿತ್ಯದ ಗೆಳೆಯರು ಅಂಗುಲಿಮಾಲನನ್ನು ಕರೆತರುತ್ತಾರೆ. ಬರಲಿ, ಆದರೆ ಪೂರ್ತಿಯಾಗಿ ಬರಲಿ. ಅವನನ್ನು ಹಿಡಿಯಲು ಕುದುರೆ ಸವಾರರೊಡನೆ ಹೊರಟ ಪ್ರಸೇನಜಿತ, ಭಿಕ್ಷುವಾಗಿ ಕುಳಿತವನನ್ನು ಕಣ್ಣಾರೆ ಕಂಡು ಮಾತನಾಡಿಸಿದ ಮೇಲೆ ಬಿಟ್ಟನೇ ಹೊರತು ಹಬ್ಬದ ದಿನ ನೋಡಿ ಅಲ್ಲ. ಅಷ್ಟಾದರೂ ಭಿಕ್ಷೆಗೆ ಹೋದ ಅಂಗುಲಿಮಾಲನಿಗೆ ಊರವರ ಕಲ್ಲು ಬಿತ್ತು, ತಲೆ ಒಡೆಯಿತು, ಪಾತ್ರೆ ಒಡೆಯಿತು, ಸಹಿಸಿಕೊಳ್ಳೆಂದನು ಬುದ್ಧ. ವಡ್ಡಾರಾಧನೆಯ ವಿದ್ಯುಚ್ಚೋರ ಕಳ್ಳತನದಿಂದ ರಿಸಿತನಕ್ಕೆ ಬಂದದ್ದೂ ಎಲ್ಲವನ್ನು ತೊರೆದು, ಉಪಸರ್ಗವನ್ನು ಉಂಡು. ಪರಿವರ್ತನೆಯನ್ನು ನಂಬಿದ ಈ ಪರಂಪರೆಗಳೇ ಅದನ್ನು ಇಷ್ಟು ದುಬಾರಿಯಾಗಿ ಕಂಡಿರುವಾಗ, ಸಮಿತಿಯೊಂದರ ಠರಾವಿನಲ್ಲಿ ಅದು ಸಿದ್ಧಿಸಿತೆಂದು ನಂಬಲು ನಮಗೇಕೆ ಇಷ್ಟು ಆತುರ? ಬಂದೀಖಾನೆಗಳು ಕಿಕ್ಕಿರಿದಿವೆ ಎಂಬ ವಾದಕ್ಕೆ ಉತ್ತರ ಚಿಕ್ಕದು. ಅಲ್ಲಿರುವವರಲ್ಲಿ ಹೆಚ್ಚಿನವರು ಅಪರಾಧ ಸಾಬೀತೇ ಆಗದ ವಿಚಾರಣಾಧೀನರು. ಬಾಗಿಲು ತೆರೆಯುವುದಾದರೆ ಮೊದಲು ಅವರಿಗೆ ತೆರೆಯಲಿ, ಮುಪ್ಪಾದವರಿಗೆ, ಹಾಸಿಗೆ ಹಿಡಿದವರಿಗೆ ತೆರೆಯಲಿ.

ಕೇಳಬೇಕಾದುದನ್ನು ನ್ಯಾಯಾಲಯ 2000ದಲ್ಲಿಯೇ, ಲಕ್ಷ್ಮಣ ನಸ್ಕರ್ ಪ್ರಕರಣದಲ್ಲಿ, ಕೇಳಿದೆ: ಇವನು ಮತ್ತೆ ಇದನ್ನೇ ಮಾಡುವ ಸಂಭವವಿದೆಯೇ? ಮಾಡುವ ಸಾಮರ್ಥ್ಯ ಇನ್ನೂ ಉಳಿದಿದೆಯೇ? ಹಿಂಸೆಯನ್ನು ಮರುಕಳಿಸಿದ ಇತಿಹಾಸವಿರುವವನ ಮಟ್ಟಿಗೆ ಈ ಪ್ರಶ್ನೆಗಳಿಗೆ ಮನೋವೈದ್ಯರು ಬರೆದುಕೊಟ್ಟ ಉತ್ತರ, ಶಿಕ್ಷೆ ವಿಧಿಸಿದ ನ್ಯಾಯಾಲಯದ ಸಕಾರಣ ಅಭಿಪ್ರಾಯ, ಸಂತ್ರಸ್ತರ ಮಾತು ಇವಿಲ್ಲದೆ ಕಡತ ಸಮಿತಿಯ ಮುಂದೆ ಬರಲೇಬಾರದು. ಬಂದರೆ ಕಾರಣಸಹಿತ ಆದೇಶ ಪ್ರಕಟವಾಗಬೇಕು.

ನಮ್ಮ ರಾಜ್ಯಕ್ಕೆ ಇದು ದೂರದ ಮಾತಲ್ಲ. ಹಲವು ಬಾರಿ ಪೊಲೀಸರ ಕೈತಪ್ಪಿಸಿಕೊಂಡಿದ್ದ, ಬೆಂಗಳೂರಿನ ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ ಗಲ್ಲಿಗೆ ಗುರಿಯಾಗಿದ್ದ ಉಮೇಶ್ ರೆಡ್ಡಿಯ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಜೀವಾವಧಿಗೆ ಇಳಿಸಿತು. ಅವನನ್ನು ಕಾನೂನುಬಾಹಿರವಾಗಿ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟದ್ದಕ್ಕೆ ಅದು ಉತ್ತರ. ಆ ತೀರ್ಪಿನಲ್ಲಿ ನನಗೆ ತಕರಾರಿಲ್ಲ. ಕನಿಷ್ಠ 30 ವರ್ಷ ಸೆರೆವಾಸ ಕಳೆದ ಮೇಲೆಯೇ ಮಾಫಿಯ ಅರ್ಜಿಯನ್ನು ಪರಿಗಣಿಸಬಹುದೆಂದೂ ಅದು ಹೇಳಿದೆ. ಆ ಅರ್ಜಿ ಬರುವ ದಿನ ಸಮಿತಿಯ ಮೇಜಿನ ಮೇಲಿನ ಕಡತದಲ್ಲಿ ಏನೇನಿರಬೇಕೆಂಬುದನ್ನು ಈಗಲೇ ನಿಯಮವಾಗಿ ಬರೆದಿಡಲು ಸರ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ.