ಕೋವಿ ನಮ್ಮ ಹೊಲಕ್ಕೆ, ಲೈಸೆನ್ಸ್ ಕಾಶ್ಮೀರದ್ದಾ?

ಗೌರಿಬಿದನೂರು ಕಡೆ ಮುಸುಕಿನ ಜೋಳಕ್ಕೆ ಕಾಡುಹಂದಿ ನುಗ್ಗಿದರೆ ಒಂದೇ ರಾತ್ರಿಗೆ ಬೆಳೆ ನೆಲಸಮ. ಹೆದರಿಸಿ ಓಡಿಸೋಣವೆಂದು ಕೋವಿ ಲೈಸೆನ್ಸ್‌ಗೆ ಅರ್ಜಿ ಹಾಕಿದ ರೈತ ಕಚೇರಿಗೂ ಠಾಣೆಗೂ ಅಲೆಯುತ್ತಾನೆ. ಆಗ ಬರುತ್ತಾನೆ ಬ್ರೋಕರ್: "ಬೇರೆ ರಾಜ್ಯದಲ್ಲಿ ಮಾಡಿಸಿಕೊಡ್ತೀನಿ ಬಿಡಣ್ಣಾ."

ಬೇಡ ಅಣ್ಣಾ. ಲೈಸೆನ್ಸ್ ಕೇಳಬೇಕಾದ್ದು ನೀವು ವಾಸವಿರುವ ಜಿಲ್ಲೆಯಲ್ಲೇ. 2012ರಿಂದ 2016ರವರೆಗೆ ಜಮ್ಮು-ಕಾಶ್ಮೀರದಲ್ಲಿ ಹೊರಗಿನವರಿಗೆ ಹಣಕ್ಕೆ ಲೈಸೆನ್ಸ್ ಹಂಚಿದ ಆರೋಪವಿದೆ. ಆ ಪ್ರಕರಣದಲ್ಲಿ ಸಿಬಿಐ 2020ರಲ್ಲಿ ಇಬ್ಬರು ಐಎಎಸ್ ಅಧಿಕಾರಿಗಳನ್ನೇ ಬಂಧಿಸಿತು. ಲೈಸೆನ್ಸ್ ನಕಲಿಯಾದರೆ ಕೋವಿಯೂ ಅಕ್ರಮ. ಶಿಕ್ಷೆ ಕನಿಷ್ಠ 2 ವರ್ಷ ಜೈಲು. ಅಷ್ಟರಲ್ಲಿ ಬ್ರೋಕರ್ ಫೋನ್ ಸ್ವಿಚ್ ಆಫ್.

ಹಾಗಂತ ತಪ್ಪೆಲ್ಲ ರೈತನದ್ದೇ? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂನಲ್ಲಿ ಬೆಳೆ ರಕ್ಷಣೆಯ ಕೋವಿಗೆ ಜಾಗವಿದೆ. ಆಸ್ತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎನ್ನುತ್ತದೆ 14ನೇ ಕಲಂ. ನಿರಾಕರಿಸಿದರೆ ಕಾರಣ ದಾಖಲಿಸಬೇಕು, ಕೇಳಿದರೆ ಸಾಮಾನ್ಯವಾಗಿ ಬರೆದು ಕೊಡಬೇಕು. ಬಾಯಿಮಾತಿನ "ನಾಳೆ ಬಾ" ಕಾನೂನಿನಲ್ಲಿಲ್ಲ.

ಅಧಿಕಾರಿಗಳೇ, ಕೊಡುವುದಾದರೆ ಕೊಡಿ. ಆಗದಿದ್ದರೆ ಆಗಲ್ಲ ಅಂತ ಬರೆದು ಕೊಡಿ. ರೈತರೇ, ಆ ಹಾಳೆ ಕೈಗೆ ಬರುವವರೆಗೆ ಕೇಳುತ್ತಲೇ ಇರಿ. ಬ್ರೋಕರ್‌ಗೆ ಕೊಡುವ ದುಡ್ಡು ಬೇಲಿಗೆ ಹಾಕಿ.