ಪರದೇಶದ ಪರಾಗ

ನಮ್ಮ ಕವಿಗಳಿಗೆ ಪರಾಗವೆಂದರೆ ಬಲು ಪ್ರೀತಿ. ವಸಂತ ಬಂದಿತೆಂದರೆ ಮಾವು ಚಿಗುರಬೇಕು, ಕೋಗಿಲೆ ಕೂಗಬೇಕು, ತುಂಬಿಗಳು ಮೈಗೆಲ್ಲ ಹೂವಿನ ಹುಡಿಯನ್ನು ಬಳಿದುಕೊಂಡು ಮೆರೆಯಬೇಕು. ಆ ಹುಡಿ ಮೂಗನ್ನು ಹೊಕ್ಕು ಯಾವ ನಾಯಕನಾಗಲಿ ನಾಯಕಿಯಾಗಲಿ ಸೀನಿದ ಪ್ರಸ್ತಾಪ ಮಾತ್ರ ಕಾವ್ಯಗಳಲ್ಲಿ ನನಗೆ ದೊರೆತಿಲ್ಲ. ಅದನ್ನು ಕಾಣಬೇಕೆಂದರೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಸಂತವನ್ನು ನೋಡಬೇಕು.

ಅಲ್ಲಿಯ ಋತುಚಕ್ರ ನಮ್ಮದಕ್ಕೆ ತಿರುಗುಮುರುಗು. ನಾವು ನವರಾತ್ರಿಯ ಗೊಂಬೆ ಕೂಡಿಸುವಾಗ ಅಲ್ಲಿ ವಸಂತ. ನಾವು ಕಾರ್ತಿಕದ ದೀಪ ಹಚ್ಚುವ ನವೆಂಬರಿನಲ್ಲಿ ಅಲ್ಲಿ ಹುಲ್ಲು ಹೂಬಿಡುವ ಭರ. ಓದಿಗೋ ಉದ್ಯೋಗಕ್ಕೋ ಹೋಗಿ ನೆಲೆಸಿದ ನಮ್ಮ ಮಕ್ಕಳು ಆ ದಿನಗಳಲ್ಲಿ ಮನೆಗೆ ಫೋನು ಮಾಡಿದರೆ ದನಿಗಿಂತ ಮೊದಲು ಸೀನು ಕೇಳಿಸುತ್ತದೆ. “ಹವಾ ಒಗ್ಗಿಲ್ಲ ಕಣೋ, ಮೆಣಸಿನ ಕಷಾಯ ಮಾಡಿಕೊಂಡು ಕುಡಿ” ಎನ್ನುತ್ತಾಳೆ ತಾಯಿ. ಕಷಾಯ ಗಂಟಲಿಗೆ ಹಿತವೇ ಸರಿ. ಆದರೆ ಇದು ನೆಗಡಿಯಲ್ಲ. ನೆಗಡಿ ವಾರ ಹತ್ತು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಇದು ವಾರಗಟ್ಟಲೆ ಬಿಡದೆ ಕಾಡುತ್ತದೆ. ಕಣ್ಣು, ಮೂಗು, ಅಂಗುಳಗಳಲ್ಲಿ ತುರಿಕೆ, ಮೂಗಿನಿಂದ ತಿಳಿನೀರು, ಒಂದರ ಹಿಂದೊಂದು ಸೀನು — ಇವು ಇದರ ಲಕ್ಷಣಗಳು.

ಇಂಗ್ಲಿಷರು ಇದಕ್ಕೆ ‘ಹೇ ಫೀವರ್’, ಅಂದರೆ ಒಣಹುಲ್ಲಿನ ಜ್ವರವೆಂದು ಹೆಸರಿಟ್ಟರು. ವಿನೋದವೆಂದರೆ ಇದಕ್ಕೆ ಒಣಹುಲ್ಲು ಕಾರಣವಲ್ಲ, ಇದರಲ್ಲಿ ಜ್ವರವೂ ಬರುವುದಿಲ್ಲ. ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ 1819ರಲ್ಲಿ ತನ್ನದೇ ಬಾಧೆಯನ್ನು ವೈದ್ಯರ ಸಭೆಯ ಮುಂದೆ ವಿವರಿಸಿದ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಗಾಳಿಪಟ ಹಾರಿಸಿ ಮೇಲಿನ ಗಾಳಿಯಲ್ಲಿಯೂ ಪರಾಗವಿರುವುದನ್ನು ತೋರಿಸಿ, ಅದೇ ಅಪರಾಧಿಯೆಂದು 1873ರ ತನ್ನ ಗ್ರಂಥದಲ್ಲಿ ಸಾರಿದ. ಹಾಗೆಂದು ತೋಟದ ಗುಲಾಬಿಯನ್ನು ಶಂಕಿಸಬೇಕಾಗಿಲ್ಲ. ಬಣ್ಣ ಪರಿಮಳಗಳಿಂದ ದುಂಬಿಯನ್ನು ಕರೆಯುವ ಹೂಗಳ ಪರಾಗ ಭಾರವಾದದ್ದು, ಅಂಟುವಂಥದು. ದುಂಬಿಯ ಹಂಗಿಲ್ಲದೆ ಗಾಳಿಯನ್ನೇ ನಂಬಿದ ಹುಲ್ಲು ಮರಗಳು ಎಣಿಕೆಗೆ ಸಿಗದಷ್ಟು ಪರಾಗವನ್ನು ತೂರಿಬಿಡುತ್ತವೆ. ಮೆಲ್ಬರ್ನಿನಲ್ಲಿ ಮುಖ್ಯ ಅಪರಾಧಿ ರೈ ಹುಲ್ಲು. ಅದು ಆ ನೆಲದ ಹುಲ್ಲಲ್ಲ. ದನಕುರಿಗಳ ಮೇವಿಗೆಂದು ಯುರೋಪಿನಿಂದ ಬಂದದ್ದು. ಅದೂ ವಲಸೆಗಾರನೇ!

ಹೊಸದಾಗಿ ಹೋದವರು ಅರಿಯಬೇಕಾದ ಗುಟ್ಟೊಂದಿದೆ. ಮೊದಲ ವಸಂತದಲ್ಲಿ ಹಲವರಿಗೆ ಏನೂ ಆಗುವುದಿಲ್ಲ. “ನಮ್ಮ ಮೈ ಗಟ್ಟಿ” ಎಂದು ಅವರು ಬೀಗುತ್ತಾರೆ. ಇಲ್ಲಿ ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಮ್ಮಿನಿಂದ ಬೆಂಗಳೂರಿನಲ್ಲಿ ಸೀನುತ್ತಿದ್ದವರಂತೂ, ಊರು ಬಿಟ್ಟ ಕೂಡಲೇ ರೋಗವೂ ಬಿಟ್ಟಿತೆಂದು ಹಿಗ್ಗುತ್ತಾರೆ. ಆದರೆ ಅಲರ್ಜಿಯೆಂಬುದು ಅಪರಿಚಿತರ ಮೇಲಿನ ಕೋಪವಲ್ಲ, ಪರಿಚಿತರ ಮೇಲಿನದು. ಹೊಸ ಪರಾಗವನ್ನು ಗುರುತಿಸಿ, ಅದರ ವಿರುದ್ಧ ಪ್ರತಿಕಾಯಗಳನ್ನು ಸಜ್ಜುಗೊಳಿಸಲು ದೇಹಕ್ಕೆ ಕಾಲ ಬೇಕು. ಮೆಲ್ಬರ್ನಿಗೆ ವಲಸೆ ಬಂದ ಏಷ್ಯದ ಜನರಲ್ಲಿ ವಾಸದ ವರ್ಷಗಳು ಹೆಚ್ಚಿದಂತೆ ಈ ಬಾಧೆಯೂ ಹೆಚ್ಚುವುದನ್ನು ವೈದ್ಯರು ಕಂಡಿದ್ದಾರೆ. ಮನೆ ಕೊಂಡು, ಮಗುವನ್ನು ಶಾಲೆಗೆ ಸೇರಿಸಿ, “ಇನ್ನು ಇದೇ ನಮ್ಮ ಊರು” ಎನ್ನುವ ಹೊತ್ತಿಗೆ ಸೀನು ಬಂದು ಬಾಗಿಲು ತಟ್ಟುತ್ತದೆ.

ಸೀನಿಗೆ ಯಾರು ಹೆದರಿಯಾರು ಎನ್ನಬೇಡಿ. 2016ರ ನವೆಂಬರ್ 21ರಂದು ಮೆಲ್ಬರ್ನಿನಲ್ಲಿ ಸುಡು ಬಿಸಿಲಿತ್ತು. ಸಂಜೆ ಗುಡುಗುಮಳೆಯ ಬಿರುಗಾಳಿ ಬೀಸಿತು. ಹುಲ್ಲಿನ ಪರಾಗದ ಇಡಿಯ ಕಣ ಸಾಮಾನ್ಯವಾಗಿ ಮೂಗಿನಲ್ಲಿಯೇ ತಡೆಯಲ್ಪಡುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯಲಾರದು. ತೇವ ಹೀರಿದಾಗಲಾದರೋ ಅದು ಸಿಡಿದು ನೂರಾರು ಸೂಕ್ಷ್ಮ ಕಣಗಳಾಗುತ್ತದೆ. ಬಿರುಗಾಳಿ ಅವನ್ನು ಜನರು ಉಸಿರಾಡುವ ಎತ್ತರಕ್ಕೆ ತಂದು ಹರಡುತ್ತದೆ. ಅಂದು ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗಳಿಗೆ ಧಾವಿಸಿದರು. ಹತ್ತು ಮಂದಿ ಮೃತರಾದರು. ಹಾಗೆ ನರಳಿದವರಲ್ಲಿ ಹಿಂದೆಂದೂ ಉಬ್ಬಸವನ್ನು ಕಾಣದೆ, ವಸಂತದಲ್ಲಿ ಬರಿಯ ಸೀನುತ್ತಿದ್ದವರೂ ಅನೇಕರಿದ್ದರು. ಭಾರತ ಮತ್ತು ಏಷ್ಯದ ಇತರ ದೇಶಗಳ ಮೂಲದವರ ಪಾಲು ಅವರ ಜನಸಂಖ್ಯೆಗೆ ಮೀರಿತ್ತು. ಈಗ ಅಲ್ಲಿಯ ಸರ್ಕಾರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇಂಥ ಬಿರುಗಾಳಿಯ ಅಪಾಯವನ್ನು ಮುಂಚಿತವಾಗಿ ಸಾರುತ್ತದೆ.

ಹಾಗಾದರೆ ಉಪಾಯವೇನು? ಮೊದಲನೆಯದು, ಕಾಲವನ್ನರಿತು ಮುಂದಾಗುವುದು. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧ ಅಮೃತಾಂಜನದಂತೆ ಆ ಕ್ಷಣವೇ ಗುಣ ತೋರುವಂಥದಲ್ಲ. ದಿನವೂ ತಪ್ಪದೆ ಬಳಸಿದರೆ ಕೆಲವು ದಿನಗಳ ಮೇಲೆ ಫಲ ಕೊಡುತ್ತದೆ. ಆದುದರಿಂದ ಹುಲ್ಲು ಹೂಬಿಡುವುದಕ್ಕೆ ಕೆಲವು ವಾರಗಳ ಮೊದಲೇ ಆರಂಭಿಸಬೇಕು. ಗೊಂಬೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಾಗ ಔಷಧದ ಸೀಸೆಯನ್ನೂ ಇಳಿಸಿದರಾಯಿತು! ಎರಡನೆಯದು, ಊರಿನಿಂದ ಕಟ್ಟಿಕೊಂಡು ಹೋದ ಹಳೆಯ ನೆಗಡಿ ಗುಳಿಗೆಗಳಲ್ಲಿ ಹಲವು ನಿದ್ದೆ ಬರಿಸುವಂಥವು. ಕಾರು ನಡೆಸುವವರಿಗೂ ಪರೀಕ್ಷೆಗೆ ಕೂರುವವರಿಗೂ ಅವು ತಕ್ಕವಲ್ಲ. ನಿದ್ದೆ ತಾರದ ಸೆಟಿರಿಝಿನ್, ಲೋರಾಟಡೀನ್, ಫೆಕ್ಸೊಫೆನಡೀನ್‌ಗಳಲ್ಲಿ ಯಾವುದು ತಮಗೆ ಸರಿಯೆಂದು ವೈದ್ಯರನ್ನು ಕೇಳಿ ತಿಳಿಯಬೇಕು. ಮೊದಲನೆಯದು ಕೆಲವರಿಗೆ ತುಸು ಮಂಪರು ತರುವುದುಂಟು.

ನಮ್ಮ ಅಜ್ಜಿಯರ ಮಡಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊರಗಿನಿಂದ ಬಂದವರು ಉಟ್ಟ ಬಟ್ಟೆ ಬದಲಿಸಿ, ಮುಖ ತಲೆ ತೊಳೆದು ಒಳಗೆ ಓಡಾಡಿದರೆ ಪರಾಗ ದಿಂಬಿನವರೆಗೆ ಬಾರದು. ಹುಲ್ಲುಗಾವಲಿನ ಕಡೆಯಿಂದ ಬಿಸಿಗಾಳಿ ಬೀಸುವ ದಿನ ಕಿಟಕಿ ಮುಚ್ಚಿರಲಿ, ಬಟ್ಟೆ ಒಳಗೆ ಒಣಗಲಿ. ವರ್ಷ ವರ್ಷವೂ ಹೈರಾಣಾಗುವವರಿಗೆ, ಅದೇ ಪರಾಗವನ್ನು ಮೂರರಿಂದ ಐದು ವರ್ಷ ಅಲ್ಪ ಪ್ರಮಾಣದಲ್ಲಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯುಂಟು; 1911ರಲ್ಲಿ ಲಂಡನ್ನಿನ ಲೆನರ್ಡ್ ನೂನ್ ಅದಕ್ಕೆ ಹಾದಿ ಹಾಕಿದ.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ವಸಂತದಲ್ಲಿ ಎದೆ ಬಿಗಿದರೆ, ಉಸಿರು ಸುಯ್ಯೆಂದರೆ, ರಾತ್ರಿ ಕೆಮ್ಮು ಎಬ್ಬಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅವರು ಕೊಟ್ಟ ಇನ್‌ಹೇಲರನ್ನು ಕೈಯ ಬಳಿಯೇ ಇಟ್ಟುಕೊಳ್ಳಬೇಕು. ಬಿರುಗಾಳಿಯ ಮುನ್ಸೂಚನೆಯಿದ್ದ ಸಂಜೆ ಮಳೆಯ ಸೊಗಸನ್ನು ಕಿಟಕಿಯ ಒಳಗಿನಿಂದಲೇ ಸವಿಯಬೇಕು. ಉಸಿರಾಡುವುದು ಕಷ್ಟವಾದರೆ ಅಲ್ಲಿಯ ತುರ್ತು ಸಂಖ್ಯೆ 000. ಮಕ್ಕಳನ್ನು ದೂರದೇಶಕ್ಕೆ ಕಳಿಸಿದ ತಾಯಿತಂದೆಯರೇ, ಮುಂದಿನ ಕಾರ್ತಿಕದಲ್ಲಿ ಫೋನು ಬಂದಾಗ “ಊಟವಾಯಿತೇ?” ಎಂದು ಕೇಳಿದ ಮೇಲೆ, “ಉಸಿರು ಸಲೀಸಾಗಿದೆಯೇ?” ಎಂದೂ ಒಂದು ಮಾತು ಕೇಳಿ.