ಗೆದ್ದ ಮೇಲೆ ಹಿಡಿಯುವ ಅಳತೆಗೋಲು

ಹೆಣ್ಣುಮಕ್ಕಳ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಕಾಲ್ಚೆಂಡಾಟದ ಪ್ರಸ್ತಾಪವೇಕೆಂದು ವಾಚಕರಲ್ಲಿ ಕೆಲವರು ಆಶ್ಚರ್ಯಪಡಬಹುದು. ಪರೀಕ್ಷೆ, ಸಂಗೀತ, ಹೊಲಿಗೆ, ತೋಟದ ಕೆಲಸ ಇವುಗಳ ವಿಷಯವನ್ನು ಇಂತಹ ಪುಟಗಳಲ್ಲಿ ಓದಿ ರೂಢಿಯಾದವರಿಗೆ ಚೆಂಡನ್ನು ಒದೆಯುವ ಆಟದ ಮಾತು ಹೊರಗಿನದೆಂದು ತೋರುವುದು ಸಹಜವೇ. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಆಟದ ನಿಯಮಗಳನ್ನಲ್ಲ. ಆಟವನ್ನು ನೋಡುವವರ ಮನಸ್ಸಿನ ರೀತಿಯನ್ನು. ಗೆಲುವು ಆಟಗಾರರನ್ನು ಬದಲಿಸುವುದೆಂದು ಎಲ್ಲರೂ ಬಲ್ಲರು. ಅದು ಆಟಗಾರರಿಗಿಂತಲೂ ಹೆಚ್ಚಾಗಿ ಅವರ ಅಭಿಮಾನಿಗಳನ್ನು ಬದಲಿಸುವುದೆಂಬುದನ್ನು ಯೋಚಿಸುವವರು ವಿರಳ. ಇದಕ್ಕೆ ಇಂಗ್ಲೆಂಡ್ ದೇಶದ ಮಹಿಳಾ ತಂಡದ ವೃತ್ತಾಂತಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ಕಾಣದು.

ಆ ದೇಶದಲ್ಲಿ ಸ್ತ್ರೀಯರ ಆಟಕ್ಕೆ ಜನಾಭಿಮಾನವು ಈಚೆಗೆ ದೊರೆತದ್ದೆಂದು ತಿಳಿಯುವುದು ತಪ್ಪು. 1920ನೆಯ ಇಸವಿಯ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಬಯಲಿನಲ್ಲಿ, ಪ್ರೆಸ್ಟನ್ ಊರಿನ ಡಿಕ್ ಕೆರ್ ಎಂಬ ಕಾರ್ಖಾನೆಯ ಹೆಂಗಸರ ತಂಡವು ಸೇಂಟ್ ಹೆಲೆನ್ಸ್ ಊರಿನ ತಂಡದೊಡನೆ ಪಂದ್ಯವಾಡಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಮದ್ದುಗುಂಡಿನ ಕಾರ್ಖಾನೆಗೆ ಸೇರಿದ ಹೆಂಗಸರಿಂದ ಹುಟ್ಟಿದ ತಂಡವದು. ಪಂದ್ಯಗಳಿಂದ ಬಂದ ಹಣವು ಗಾಯಗೊಂಡ ಸೈನಿಕರಿಗೂ ಇತರ ಧರ್ಮಕಾರ್ಯಗಳಿಗೂ ಸಲ್ಲುತ್ತಿತ್ತು. ಆ ದಿನ ನೆರೆದ ಪ್ರೇಕ್ಷಕರು ಸುಮಾರು 53,000 ಮಂದಿ. ಒಳಗೆ ಸ್ಥಳವಿಲ್ಲದೆ ಹಿಂತಿರುಗಿದವರು ಬೇರೆ. ಆದರೆ ಒಂದು ವರ್ಷವೂ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಆ ದೇಶದ ಫುಟ್‌ಬಾಲ್ ಅಸೋಸಿಯೇಷನ್ನು ಈ ಆಟವು ಸ್ತ್ರೀಯರಿಗೆ ತಕ್ಕದ್ದಲ್ಲವೆಂದು ನಿರ್ಣಯಿಸಿ, ತನಗೆ ಸೇರಿದ ಸಂಘಗಳ ಬಯಲುಗಳಲ್ಲಿ ಅವರಿಗೆ ಎಡೆಗೊಡಬಾರದೆಂದು ಆಜ್ಞೆ ಮಾಡಿತು. ಈ ನಿರ್ಬಂಧವು ಕಳೆದದ್ದು 1971ರಲ್ಲಿ. ಐವತ್ತು ವರ್ಷವೆಂದರೆ ಎರಡು ತಲೆಮಾರು. ಅಷ್ಟು ಕಾಲ ಬಾಗಿಲು ಮುಚ್ಚಿದ ಮೇಲೆ, ಬಂದವರನ್ನು ಕಂಡು, ‘ಇವರಿಗೆ ಆಡಲು ಬಾರದು’ ಎಂದು ನಗುವವರೂ ಇದ್ದರು!

ಆ ಬಳಿಕದ ವರ್ಷಗಳಲ್ಲಿ ಈ ತಂಡದ ಬೆಂಬಲಿಗರು ಏನನ್ನು ನಿರೀಕ್ಷಿಸುತ್ತಿದ್ದರು? ಪಂದ್ಯವು ನಡೆದರೆ ಸಾಕು ಎಂಬುದಕ್ಕಿಂತ ಹೆಚ್ಚೇನನ್ನೂ ಅಲ್ಲ. 1972ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ರೀನಾಕ್ ಊರಿನಲ್ಲಿ ಇಂಗ್ಲೆಂಡಿನ ತಂಡವು ತನ್ನ ಮೊದಲನೆಯ ಅಧಿಕೃತ ಪಂದ್ಯವನ್ನಾಡಿ 3–2ರಿಂದ ಗೆದ್ದಿತು. 1984ರಲ್ಲಿ ಐರೋಪ್ಯ ಪಂದ್ಯಾಟದ ಅಂತಿಮ ಘಟ್ಟವನ್ನು ಮುಟ್ಟಿ ಸ್ವೀಡನ್ನಿಗೆ ಪೆನಲ್ಟಿ ಒದೆತಗಳಲ್ಲಿ ಸೋತಿತು. 1991ರ ಮೊದಲನೆಯ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆಯಲಿಲ್ಲ. 2005ರಲ್ಲಿ ಐರೋಪ್ಯ ಪಂದ್ಯಾಟವು ತನ್ನ ದೇಶದಲ್ಲೇ ನಡೆದರೂ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು. 2009ರಲ್ಲಿ ಅಂತಿಮ ಪಂದ್ಯದಲ್ಲಿ ಜರ್ಮನಿಗೆ 6–2ರಿಂದ ಸೋತಾಗ ಅಭಿಮಾನಿಗಳು ಕೋಪಿಸಿಕೊಂಡರೆಂದು ನಾವು ಕೇಳಲಿಲ್ಲ. ಅಲ್ಲಿಯವರೆಗೆ ತಲಪಿದುದಕ್ಕೆ ಹರ್ಷಪಟ್ಟರು. ಆ ವರ್ಷವೇ ಹದಿನೇಳು ಆಟಗಾರ್ತಿಯರಿಗೆ ಮೊದಲ ಸಾರಿ ಸಂಸ್ಥೆಯಿಂದ ಸಂಬಳ ಗೊತ್ತಾಯಿತು: ವರ್ಷಕ್ಕೆ 16,000 ಪೌಂಡು. ಕಡಿಮೆ ಕೇಳುವವರು ಕಡಿಮೆಯಲ್ಲಿಯೇ ತೃಪ್ತರಾಗುವರು. ಆ ತೃಪ್ತಿಯಲ್ಲಿ ಪ್ರೀತಿಯೂ ಇದ್ದೀತು. ಆದರೆ ಅದರಲ್ಲಿ ಕೊಂಚ ಕರುಣೆಯೂ ಬೆರೆತಿತ್ತೆಂಬುದನ್ನು ಮರೆಯಲಾಗದು.

ಅನಂತರ ಮೆಟ್ಟಿಲುಗಳು ಒಂದೊಂದಾಗಿ ಏರತೊಡಗಿದವು. 2015ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ, 2019ರಲ್ಲಿ ನಾಲ್ಕನೆಯದು. 2017ರಲ್ಲಿ ನೆದರ್‌ಲೆಂಡ್ಸ್ ತಂಡಕ್ಕೆ ಐರೋಪ್ಯ ಕಪ್ಪನ್ನು ಗೆಲ್ಲಿಸಿದ್ದ ಸರೀನಾ ವೀಗ್‌ಮನ್ ಎಂಬ ಮಹಿಳೆಯು 2021ರಲ್ಲಿ ಇಂಗ್ಲೆಂಡಿನ ತರಬೇತಿಯನ್ನು ವಹಿಸಿಕೊಂಡರು. 2022ರ ಜುಲೈ 31ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 87,192 ಪ್ರೇಕ್ಷಕರ ಮುಂದೆ ಅವರ ತಂಡವು ಜರ್ಮನಿಯನ್ನು 2–1ರಿಂದ ಸೋಲಿಸಿ ಐರೋಪ್ಯ ಕಪ್ಪನ್ನೆತ್ತಿತು. ಪುರುಷರದಾಗಲಿ ಸ್ತ್ರೀಯರದಾಗಲಿ, ಐರೋಪ್ಯ ಕಪ್ಪಿನ ಯಾವ ಪಂದ್ಯಕ್ಕೂ ಅದುವರೆಗೆ ಅಷ್ಟು ಜನ ಸೇರಿದುದಿಲ್ಲ. 1966ರಲ್ಲಿ ಪುರುಷರು ವಿಶ್ವಕಪ್ಪನ್ನು ಗೆದ್ದ ತರುವಾಯ ಇಂಗ್ಲೆಂಡಿನ ಹಿರಿಯರ ತಂಡವೊಂದು ದೊಡ್ಡ ಕಪ್ಪನ್ನು ಮುಟ್ಟಿದುದು ಅದೇ ಮೊದಲು. ಗಂಡಸರು ಐವತ್ತಾರು ವರ್ಷ ಮಾಡಲಾರದುದನ್ನು ಹೆಂಗಸರು ಮಾಡಿ ತೋರಿಸಿದರು.

ಅಂದಿನಿಂದಲೇ ಅಳತೆಗೋಲು ಬದಲಾಯಿತು. 2023ರ ಏಪ್ರಿಲಿನಲ್ಲಿ ಆ ತಂಡವು ಆಸ್ಟ್ರೇಲಿಯಕ್ಕೆ ಸೋತಾಗ, ಅದಕ್ಕೆ ಮೊದಲು ಎಡೆಬಿಡದೆ ಮೂವತ್ತು ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದುದು ಹಿನ್ನೆಲೆಗೆ ಸರಿದು, ಒಂದು ಸೋಲೇ ಸುದ್ದಿಯಾಯಿತು. ಅದೇ ವರ್ಷದ ವಿಶ್ವಕಪ್ಪಿಗೆ ಲಿಯಾ ವಿಲಿಯಮ್‌ಸನ್, ಬೆತ್ ಮೀಡ್, ಫ್ರಾನ್ ಕರ್ಬಿ ಎಂಬ ಮೂವರು ಮುಖ್ಯ ಆಟಗಾರ್ತಿಯರು ಮೊಣಕಾಲಿನ ಗಾಯದಿಂದ ಹೋಗಲಾರದಾದರು. ಆದರೂ ಮೊದಲೆರಡು ಪಂದ್ಯಗಳನ್ನು ಒಂದೊಂದೇ ಗೋಲಿನಿಂದ ಗೆದ್ದಾಗ, ‘ಇಷ್ಟೇ ಏನು?’ ಎಂಬ ಗೊಣಗಾಟವು ಕೇಳಿಬಂದಿತು. ತಂಡವು ಆ ದೇಶದ ಸ್ತ್ರೀಯರ ಚರಿತ್ರೆಯಲ್ಲಿ ಮೊದಲ ಬಾರಿಗೆ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿ ಸ್ಪೇನಿಗೆ 1–0ಯಿಂದ ಸೋತಿತು. ಹದಿನೈದು ವರ್ಷಗಳ ಹಿಂದೆ ಇದೇ ಫಲಕ್ಕೆ ಜನರು ಹೂವು ಚೆಲ್ಲುತ್ತಿದ್ದರು. ಈಗ ಅದು ಕೈತಪ್ಪಿದ ಕಪ್ಪು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ಗಾದೆಯು ನಮ್ಮಲ್ಲಿ ಉಂಟಷ್ಟೆ. ಅಭಿಮಾನಿಯ ಮರೆವು ಅದಕ್ಕಿಂತಲೂ ವಿಚಿತ್ರವಾದುದು: ಅವನು ಅಂಬಿಗನನ್ನು ಮರೆಯುವುದಿಲ್ಲ, ಹೊಳೆಯನ್ನೇ ಮರೆಯುತ್ತಾನೆ.

ನಾವೂ ಈ ದೋಷದಿಂದ ಮುಕ್ತರಲ್ಲ. 2025ರ ಜುಲೈ 5ರ ರಾತ್ರಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಐರೋಪ್ಯ ಕಪ್ಪಿನ ಮೊದಲನೆಯ ಪಂದ್ಯವು ನಡೆದಾಗ ನಮ್ಮ ದೇಶದಲ್ಲಿ ನಡುರಾತ್ರಿ ಮೀರಿತ್ತು. ನಿದ್ದೆಗೆಟ್ಟು ನೋಡುತ್ತ ಕುಳಿತೆವು. ಕಳೆದ ಬಾರಿ ಕಪ್ಪನ್ನು ಗೆದ್ದಿದ್ದ ತಂಡವು ಫ್ರಾನ್ಸಿಗೆ 2–1ರಿಂದ ಸೋತಿತು. ‘ಇವರ ಕಾಲ ಮುಗಿಯಿತು’ ಎಂಬ ಮಾತು ನಮ್ಮ ಬಾಯಿಂದಲೂ ಹೊರಟಿತು. ಒಂದು ಗಳಿಗೆಯ ಮೇಲೆ ನಮಗೇ ನಾಚಿಕೆಯಾಯಿತು. ನಾವು ಅವರಿಗೆ ಕೊಟ್ಟಿದ್ದೇನು? ಒಂದು ರಾತ್ರಿಯ ನಿದ್ದೆ. ಅದಕ್ಕೆ ಪ್ರತಿಯಾಗಿ ಕೇಳಿದುದು ಒಂದು ಸಾಮ್ರಾಜ್ಯ!

ಮುಂದೆ ನಡೆದುದು ನಮ್ಮ ಮಾತನ್ನು ಸುಳ್ಳುಮಾಡಿತು. ನೆದರ್‌ಲೆಂಡ್ಸನ್ನೂ ವೇಲ್ಸನ್ನೂ ದೊಡ್ಡ ಅಂತರದಿಂದ ಸೋಲಿಸಿದ ಆ ತಂಡವು, ಸ್ವೀಡನ್ನಿನೆದುರು ಎರಡು ಗೋಲು ಹಿಂದೆ ಬಿದ್ದು ಸಮಮಾಡಿ ಪೆನಲ್ಟಿ ಒದೆತಗಳಲ್ಲಿ ಗೆದ್ದಿತು. ಇಟಲಿಯೆದುರು ನಿಗದಿತ ಸಮಯವು ಮುಗಿದು ಹೆಚ್ಚಿನ ನಿಮಿಷಗಳು ನಡೆಯುತ್ತಿದ್ದಾಗ ಸಮಮಾಡಿ, ಮತ್ತೆ 119ನೆಯ ನಿಮಿಷದಲ್ಲಿ ಗೆಲುವಿನ ಗೋಲನ್ನು ಹೊಡೆಯಿತು. ಲೂಸಿ ಬ್ರಾಂಝ್ ಎಂಬ ಆಟಗಾರ್ತಿಯು ಮುಂಗಾಲಿನ ಎಲುಬು ಬಿರುಕುಬಿಟ್ಟಿದ್ದರೂ ಪಂದ್ಯಾಟವಿಡೀ ಆಡಿದರೆಂಬುದು ಎಲ್ಲ ಮುಗಿದ ಮೇಲೆ ಲೋಕಕ್ಕೆ ತಿಳಿಯಿತು. ಮಿಷನ್ನಿನ ಹೆಸರಿನಿಂದ ನಮ್ಮ ಕರಾವಳಿಯ ಹಿರಿಯರಿಗೆ ಪರಿಚಿತವಾದ ಬಾಸೆಲ್ ನಗರದಲ್ಲಿ ಜುಲೈ 27ರಂದು ಸ್ಪೇನಿನೊಡನೆ ಅಂತಿಮ ಪಂದ್ಯವು ನಡೆಯಿತು. ಅಲ್ಲಿಯೂ ಮೊದಲು ಹಿಂದೆ ಬಿದ್ದು, 1–1ರಲ್ಲಿ ಸಮಮಾಡಿ, ಪೆನಲ್ಟಿ ಒದೆತಗಳಲ್ಲಿ 3–1ರಿಂದ ಇಂಗ್ಲೆಂಡು ಗೆದ್ದಿತು. ಕೊನೆಯ ಒದೆತವು, 2022ರಲ್ಲಿಯೂ ಗೆಲುವಿನ ಗೋಲನ್ನು ಹೊಡೆದಿದ್ದ ಕ್ಲೋಯಿ ಕೆಲ್ಲಿಯವರದು.

ಆದರೆ ಅದೇ ಪಂದ್ಯಾಟದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಗೆಲುವಿನ ಹರ್ಷದಲ್ಲಿ ಮುಚ್ಚಿಡುವುದು ಸಲ್ಲದು. ಜೆಸ್ ಕಾರ್ಟರ್ ಎಂಬ ಆಟಗಾರ್ತಿಯು ಪಂದ್ಯಾಟವು ಆರಂಭವಾದಂದಿನಿಂದ ತಮ್ಮ ಚರ್ಮದ ಬಣ್ಣವನ್ನು ಹಿಡಿದು ಬರೆಯುವವರ ಹೀನ ನುಡಿಗಳನ್ನು ಸಹಿಸಬೇಕಾಯಿತೆಂದು ಬಹಿರಂಗವಾಗಿ ತಿಳಿಸಿದರು. ಆಟದಲ್ಲಿ ತಪ್ಪಿದುದನ್ನು ತಪ್ಪೆನ್ನಲು ಪ್ರತಿಯೊಬ್ಬ ಪ್ರೇಕ್ಷಕನಿಗೂ ಹಕ್ಕುಂಟೆಂದು ಒಪ್ಪಿಕೊಂಡೇ ಅವರು ಮಾತನಾಡಿದರು. ಆದರೆ ಹುಟ್ಟನ್ನೂ ರೂಪವನ್ನೂ ಹಳಿಯುವ ಹಕ್ಕು ಯಾರಿಗುಂಟು? ಅಂತಿಮ ಪಂದ್ಯದಲ್ಲಿ ಅವರು ಮೊದಲಿನಿಂದಲೇ ಕಣಕ್ಕಿಳಿದು ಆಡಿದರು. ಅದಕ್ಕಿಂತ ಘನವಾದ ಪ್ರತ್ಯುತ್ತರವಿಲ್ಲ.

ಈಗ ನಮ್ಮ ಅಭಿಪ್ರಾಯವನ್ನು ಹೇಳುವೆವು. ಗೆಲುವಿನಿಂದ ನಿರೀಕ್ಷೆಯು ಹೆಚ್ಚುವುದನ್ನು ನಾವು ಖಂಡಿಸುವುದಿಲ್ಲ. ಕಟ್ಟುನಿಟ್ಟಾದ ಅಳತೆಗೋಲಿನಿಂದ ಅಳೆಯಲ್ಪಡುವುದೂ ಒಂದು ಗೌರವವೇ. ‘ಹೆಂಗಸರಾಗಿ ಇಷ್ಟು ಆಡಿದುದೇ ಹೆಚ್ಚು’ ಎಂಬ ಹೊಗಳಿಕೆಗಿಂತ, ‘ಆ ಚೆಂಡನ್ನು ಎಡಕ್ಕೆ ಕಳುಹಿಸಬೇಕಾಗಿತ್ತು’ ಎಂಬ ಟೀಕೆಯು ಎಷ್ಟೋ ಪಾಲು ಮೇಲು. ಯಾಕಂದರೆ ಮೊದಲನೆಯದು ಆಡಿದವಳನ್ನು ನೋಡುವುದಿಲ್ಲ, ಎರಡನೆಯದು ಅವಳ ಆಟವನ್ನು ನೋಡಿಯೇ ಆಡಿದ ಮಾತು. ಆದರೆ ಈ ಗೌರವವು ಎರಡು ಕಡೆಯಲ್ಲಿ ದಾರಿ ತಪ್ಪುತ್ತದೆ. ಗೆಲುವನ್ನು ಸಾಲಗಾರನಿಂದ ಬರತಕ್ಕ ಬಡ್ಡಿಯಂತೆ ಎಣಿಸುವುದು ಒಂದು. ಎದುರಾಳಿಗಳಿಗೂ ಕೈಕಾಲುಗಳಿವೆ, ಅವರಲ್ಲಿಯೂ ಯಾರೋ ಮುಂಜಾನೆ ಎದ್ದು ಅಭ್ಯಾಸ ಮಾಡಿದ್ದಾರೆಂಬುದನ್ನು ಈ ಲೆಕ್ಕವು ಮರೆಯುತ್ತದೆ. ಸೋತವರ ಆಟವನ್ನು ಬಿಟ್ಟು ಅವರ ವ್ಯಕ್ತಿತ್ವದ ಮೇಲೆ ಬೀಳುವುದು ಇನ್ನೊಂದು. ಮೊದಲನೆಯದು ಅವಿವೇಕ, ಎರಡನೆಯದು ಪಾಪ.

ತಾಯಿತಂದೆಗಳಾದ ವಾಚಕರು ಇದನ್ನು ಪರದೇಶದ ಸುದ್ದಿಯೆಂದು ಬದಿಗಿಡದಿರಲಿ. ನಮ್ಮ ಮನೆಗಳಲ್ಲಿಯೂ ಇದೇ ಅಳತೆಗೋಲು ಕೈಯಿಂದ ಕೈಗೆ ಬಂದಿರುವುದು. ಅಜ್ಜಿಯು ಕಾಗದವನ್ನು ಓದಬಲ್ಲವಳಾದಾಗ ನೆರೆಹೊರೆಯೇ ಬೆರಗಾಯಿತು. ತಾಯಿಯು ಮೆಟ್ರಿಕ್ ಪಾಸಾದಾಗ ಮನೆಯಲ್ಲಿ ಸಕ್ಕರೆ ಹಂಚಿದರು. ಮಗಳು ನೂರಕ್ಕೆ ತೊಂಬತ್ತು ಅಂಕಗಳನ್ನು ತಂದಾಗ, ಉಳಿದ ಹತ್ತು ಎಲ್ಲಿ ಹೋಯಿತೆಂದು ಕೇಳುತ್ತೇವೆ. ಕೇಳಬಾರದೆಂದಲ್ಲ. ಕೇಳುವ ಮೊದಲು ಅಜ್ಜಿಯ ಕಾಗದವನ್ನು ಒಮ್ಮೆ ನೆನೆದು ಕೇಳಿದರೆ, ಆ ಪ್ರಶ್ನೆಯ ಧ್ವನಿಯೇ ಬೇರೆಯಾಗುವುದು.

ಕಡೆಯದಾಗಿ, ಗೆದ್ದವರು ತಾವೇ ಏನನ್ನು ನಿರೀಕ್ಷಿಸಿದರೆಂಬುದನ್ನು ಹೇಳಿ ಮುಗಿಸುವೆವು. 2022ರಲ್ಲಿ ವೆಂಬ್ಲಿಯಲ್ಲಿ ಕಪ್ಪನ್ನೆತ್ತಿದ ಮೂರು ದಿನಗಳೊಳಗೆ ಆ ತಂಡದ ಇಪ್ಪತ್ತಮೂರು ಮಂದಿಯೂ ಕೂಡಿ, ಪ್ರಧಾನ ಮಂತ್ರಿಯಾಗಲು ಸ್ಪರ್ಧಿಸುತ್ತಿದ್ದ ಇಬ್ಬರಿಗೆ ಒಂದು ಬಹಿರಂಗ ಪತ್ರವನ್ನು ಬರೆದರು. ಅದರಲ್ಲಿ ತಮಗಾಗಿ ಕೇಳಿದುದು ಯಾವುದೂ ಇರಲಿಲ್ಲ. ದೇಶದ ಪ್ರತಿಯೊಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೂ ಈ ಆಟವನ್ನು ಆಡುವ ಅವಕಾಶವಿರಬೇಕೆಂಬುದೇ ಅವರ ಬೇಡಿಕೆ. ಅವರಲ್ಲಿ ಅನೇಕರನ್ನು ಚಿಕ್ಕಂದಿನಲ್ಲಿ ಆಟದಿಂದ ಹೊರಗಿಟ್ಟಿದ್ದರಂತೆ. 2023ರ ಮಾರ್ಚಿನಲ್ಲಿ ಅಲ್ಲಿಯ ಸರ್ಕಾರವು ಶಾಲೆಯ ಕ್ರೀಡೆಗಳಲ್ಲಿ ಹುಡುಗಿಯರಿಗೆ ಸಮಾನ ಅವಕಾಶವಿರಬೇಕೆಂದು ಪ್ರಕಟಿಸಿತು. ನೋಡುವವರು ಗೆದ್ದವರಿಂದ ಇನ್ನೊಂದು ಕಪ್ಪನ್ನು ಕೇಳಿದರು. ಗೆದ್ದವರು ಲೋಕದಿಂದ ಇನ್ನೊಬ್ಬಳಿಗೆ ಒಂದು ಚೆಂಡನ್ನು ಕೇಳಿದರು.

ಈ ಶಾಲೆಯಿಂದ ಹೊರಟ ಸೋದರಿಯರೇ, ನಿಮ್ಮ ಮಕ್ಕಳು ಗೆದ್ದ ದಿನ ನೀವು ಹೆಚ್ಚನ್ನು ನಿರೀಕ್ಷಿಸಿರಿ. ಅದರಲ್ಲಿ ಸಂಕೋಚ ಬೇಡ. ಆದರೆ ಆ ನಿರೀಕ್ಷೆಯ ಭಾರವನ್ನು ಅವರ ತಲೆಯ ಮೇಲೆ ಮಾತ್ರ ಹೊರಿಸದೆ, ಅವರ ಹಿಂದೆ ಬರತಕ್ಕ ಚಿಕ್ಕವರಿಗೆ ಬಾಗಿಲು ತೆರೆಯುವ ಕೆಲಸಕ್ಕೆ ಅದರಲ್ಲಿ ಅರ್ಧವನ್ನಾದರೂ ವಿನಿಯೋಗಿಸಿರಿ. ಹಾಗೆ ಮಾಡಿದರೆ, ಮುಂದಿನ ಪಂದ್ಯದಲ್ಲಿ ಸೋಲು ಬಂದರೂ ಹಿಂದಿನ ಗೆಲುವು ವ್ಯರ್ಥವಾಗಲಾರದು.